ಸತ್ತ ಹುಡುಗಿ ಡಾಕ್ಟರ್ ಆದ ವಾರ

ನಾನು ಡಿಗ್ರಿ ಮುಗಿಸುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ಶಿರಹಟ್ಟಿಯ ನಮ್ಮ ಗಿರಣಿಗೆ ಜೋಳ ಬೀಸಿಸಲು ಬಂದವರ ಎದುರಿಗೆಲ್ಲ ಹೇಳುತ್ತಿದ್ದರು. "ಬಿ.ಎ. ಓದಾಕ ಗದಗಕ್ಕ ಹೊಂಟಾಳ ನೋಡ್ರಿ. ನಮ್ಮ ಮನಿತನದಾಗ ಏಳನೇ ಕ್ಲಾಸ್ ಮುಗಿಸಿದಾವ ನಾನೊಬ್ಬನ. ಈಕಿ ಡಿಗ್ರಿ ಮುಗಿಸ್ತಾಳಂತ, ಮುಗಿಸ್ತಾಳ!" ಗಿರಣಿಯ ಸದ್ದಿನಲ್ಲಿ ಕೂಗಿಯೇ ಹೇಳಬೇಕಾಗಿದ್ದರಿಂದ ಆ ಮಾತು ಇಡೀ ಓಣಿಗೆ ಕೇಳುತ್ತಿತ್ತು.

ಆಗ ಗದಗ ಹೊಸ ಜಿಲ್ಲೆ. ಅಂಗಡಿ ಬೋರ್ಡುಗಳ ಮೇಲೆ 'ಧಾರವಾಡ ಜಿಲ್ಲೆ' ಎಂದಿದ್ದುದಕ್ಕೆ ಬಣ್ಣ ಬಳಿದು 'ಗದಗ ಜಿಲ್ಲೆ' ಎಂದು ಬರೆಸಿದ್ದರು. ಬಣ್ಣದ ಕೆಳಗಿನಿಂದ ಧಾರವಾಡ ಇನ್ನೂ ಇಣುಕುತ್ತಿತ್ತು. ಜಿಲ್ಲೆ ಬದಲಾದರೂ ದೊಡ್ಡಪ್ಪ ಬದಲಾಗಲಿಲ್ಲ. ಮನೆಯಲ್ಲಿ ಅವರ ಮಾತೇ ಕೊನೆ. ನಮ್ಮ ಅಪ್ಪ ಅಣ್ಣನ ಎದುರು ಬಾಯಿ ತೆರೆಯುತ್ತಿದ್ದುದು ಉಣ್ಣುವಾಗ ಮಾತ್ರ.

ಇಂಥ ದೊಡ್ಡಪ್ಪ ಹೆದರುತ್ತಿದ್ದುದು ಒಂದಕ್ಕೇ, ಟಿವಿಯ ದೆವ್ವದ ಧಾರಾವಾಹಿಗೆ. ಹಿಂದಿಯದು. ವಾರಕ್ಕೊಂದು ಕಥೆ, ಆ ವಾರವೇ ಮುಗಿಯುತ್ತಿತ್ತು. ಮುಂದಿನ ವಾರ ಬೇರೆ ಕಥೆ, ಬೇರೆ ದೆವ್ವ. ರಾತ್ರಿ ಕರೆಂಟು ಇರುತ್ತಿರಲಿಲ್ಲವಾದ್ದರಿಂದ ನಾವು ನೋಡುತ್ತಿದ್ದುದು ಭಾನುವಾರ ಮಧ್ಯಾಹ್ನದ ಮರುಪ್ರಸಾರ. ರೊಟ್ಟಿ, ಪುಂಡಿಪಲ್ಯ ಉಂಡು, ಬಾಗಿಲಿಂದ ಬಿಸಿಲು ಹೊಡೆಯುತ್ತಿರುವಾಗ ದೆವ್ವಕ್ಕೆ ಕಾಯುವುದು. ಪರದೆಯ ಮೇಲಿನ ಕತ್ತಲೆಯಲ್ಲಿ ದೆವ್ವಕ್ಕಿಂತ ನಮ್ಮ ಮುಖಗಳೇ ಹೆಚ್ಚು ಕಾಣುತ್ತಿದ್ದವು. ಆದರೂ ಬಾಗಿಲು ಕೀರ್ ಎಂದರೆ ದೊಡ್ಡಪ್ಪ ಕಾಲು ಮೇಲೆತ್ತಿ ಕೂರುತ್ತಿದ್ದರು. ಗಿರಣಿಯಿಂದ ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದಿರುತ್ತಿದ್ದ ಅವರೊಬ್ಬರೇ ಆ ಕೋಣೆಯಲ್ಲಿ ದೆವ್ವದ ಹಾಗೆ ಕಾಣುತ್ತಿದ್ದವರು.

ಅವರಿಗೆ ಹಿಂದಿ ಬಾರದು. ಶಾಲೆಯಲ್ಲಿ ಕಲಿತಿದ್ದ ನಾನೇ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕು. ಪ್ರತಿ ವಾರದ್ದು ಬೇರೆ ಕಥೆ ಎಂಬುದೊಂದು ಮಾತ್ರ ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಪೌರಾಣಿಕ ಧಾರಾವಾಹಿಗಳನ್ನು ಕೈಮುಗಿದು ನೋಡಿದವರು. ಕಥೆ ಅಂದಮೇಲೆ ಅದು ಮುಂದುವರಿಯಲೇಬೇಕು. ದೆವ್ವದ ಧಾರಾವಾಹಿಯಲ್ಲೋ, ಇದ್ದ ಕೆಲವೇ ನಟರು ತಿರುಗಿ ತಿರುಗಿ ಬರುತ್ತಿದ್ದರು. ಹೋದ ವಾರ ಕುತ್ತಿಗೆ ಹಿಚುಕಿಸಿಕೊಂಡು ಸತ್ತವನು ಈ ವಾರ ಪೊಲೀಸನಾಗಿ ಬಂದರೆ ದೊಡ್ಡಪ್ಪ ತೊಡೆ ತಟ್ಟುತ್ತಿದ್ದರು.

"ನೋಡ್ರಲೇ, ದೆವ್ವ ಆಗಿ ಪೊಲೀಸ್ ಸೇರ್ಯಾನ!"

"ಅಂವಾ ಬರೇ ಪಾರ್ಟು ಮಾಡ್ತಾನ ದೊಡ್ಡಪ್ಪ."

"ನೀ ಸುಮ್ನಿರು. ಬಿ.ಎ. ಓದಾಕಿಗೆ ಏನ್ ಗೊತ್ತೈತಿ?"

ದೊಡ್ಡಪ್ಪನ ತೀರ್ಪುಗಳು ಶುರುವಾಗುವವರೆಗೆ ಇದೆಲ್ಲ ನಗುವುದಕ್ಕೆ ಚೆನ್ನಾಗಿತ್ತು. ಕನ್ನಡಿಯ ಕಥೆ ಬಂದ ವಾರ ನಮ್ಮ ಕನ್ನಡಿ ಗೋಡೆಗೆ ಮುಖ ಮಾಡಿತು. ದೊಡ್ಡವ್ವ ಹಿತ್ತಾಳೆ ತಾಟು ನೋಡಿ ಕುಂಕುಮ ಹಚ್ಚಿಕೊಂಡಳು. ತೊಟ್ಟಿಲಿನ ಕಥೆ ಬಂದ ವಾರ ನಮ್ಮ ಹಳೆಯ ತೊಟ್ಟಿಲು ಬೀಗರ ಪಾಲಾಯಿತು. ನಾನು ಕೊನೆಯ ವರ್ಷದಲ್ಲಿದ್ದಾಗ ಬಂದದ್ದು ಬಸ್ಸಿನ ಕಥೆ. ಡಾಕ್ಟರಿಕೆ ಓದುವ ಹುಡುಗಿ ಬಸ್ ಹತ್ತುತ್ತಾಳೆ. ಒಳಗೆ ಯಾರೂ ಇಲ್ಲ. ಡ್ರೈವರ್ ಹಿಂದಕ್ಕೆ ತಿರುಗುತ್ತಾನೆ, ಅವನಿಗೆ ಮುಖವೇ ಇಲ್ಲ. ಹುಡುಗಿ ಸಾಯುತ್ತಾಳೆ.

"ನಾಳಿಂದ ಗದಗ ಬಂದ್," ಎಂದರು ದೊಡ್ಡಪ್ಪ.

"ನಮ್ಮ ಬಸ್ಸಿನ್ಯಾಗ ಸೊರಟೂರ ಬರೂದ್ರಾಗ ಕಾಲಿಡಾಕ ಜಾಗಾ ಇರಂಗಿಲ್ಲ. ದೆವ್ವ ಎಲ್ಲಿ ಕುಂಡ್ರತೈತಿ?"

"ಹುಡುಗಾಟಿಕಿ ಬ್ಯಾಡ. ಕಾಲೇಜು ಸಾಕು."

ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ತಪ್ಪಿದರೆ ಈ ಮನೆಯವರು ಇನ್ನೊಮ್ಮೆ ಕಳಿಸುವುದಿಲ್ಲ. ಅಪ್ಪನ ಮುಖ ನೋಡಿದೆ. ಅಪ್ಪ ಚೀಲದ ಬಾಯಿ ಹೊಲಿಯುತ್ತಿದ್ದ, ತನ್ನದನ್ನೂ ಸೇರಿಸಿ. ಬೆಳಿಗ್ಗೆ ಗದಗ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಆಗಲೇ ಗಂಡು ನೋಡುವ ಮಾತೂ ಶುರುವಾಯಿತು.

ಕೆಲವು ಭಾನುವಾರ ಕಳೆದವು. ಒಂದು ಮಧ್ಯಾಹ್ನ ಟಿವಿಯಲ್ಲಿ ಆಸ್ಪತ್ರೆಯ ಕಥೆ. ಬಿಳಿ ಕೋಟು ಹಾಕಿಕೊಂಡು ಒಬ್ಬಳು ಬಂದಳು. ಬಸ್ಸಿನ ಕಥೆಯಲ್ಲಿ ಸತ್ತಿದ್ದ ಅದೇ ನಟಿ.

ದೊಡ್ಡಪ್ಪನ ಕೈಯ ಚಹಾ ಬಸಿಯಲ್ಲೇ ನಿಂತಿತು. "ಸತ್ತಿದ್ಳಲ್ಲ ಈಕಿ? ಡಾಕ್ಟರ್ ಹೆಂಗಾದ್ಳು?"

ಪಾರ್ಟು ಎಂದು ಹೇಳಲು ಬಾಯಿ ತೆರೆದೆ. ಖರೆ ಹೇಳಿ ಇಷ್ಟು ದಿನ ಏನು ಸಿಕ್ಕಿತ್ತು?

"ಓದು ಮುಗಿಸ್ಯಾಳ ದೊಡ್ಡಪ್ಪ."

"ಸತ್ತ ಮ್ಯಾಲ?"

"ಅರ್ಧಕ್ಕ ನಿಂತಿತ್ತಲ್ಲ. ಮುಗಿಸೂತನಕ ಆಕಿ ಜೀವಕ್ಕ ಸಮಾಧಾನ ಇಲ್ಲಂತ."

ಪರದೆಯ ಮೇಲೆ ಡಾಕ್ಟರಮ್ಮ ನರ್ಸಿಗೆ ಯಾವುದೋ ಔಷಧ ತರಲು ಹೇಳಿದಳು.

"ಈಗೇನಂದ್ಳು?"

"ಓದಾಕಿನ್ನ ಮನ್ಯಾಗ ಕುಂಡ್ರಿಸಿದವ್ರು ಯಾವ ಓಣ್ಯಾಗ ಅದಾರ ಅಂತ ಕೇಳಾಕತ್ತಾಳ."

ದೊಡ್ಡವ್ವ ಎದ್ದು ಟಿವಿ ಆರಿಸಿದಳು. "ಇನ್ನೂ ಏನ್ ಕುಂತೀರಿ? ಆಕಿ ಓಣಿ ಹುಡುಕ್ಯಾಡಿ ಬರೂತನಕ ಕಾಯ್ತೀರೇನು? ನಾಳಿ ಹುಡುಗಿನ್ನ ಬಸ್ ಹತ್ತಿಸಿ ಬರ್ರಿ." ಹೇಳುವಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಹೆದರಿಕೆಗೋ ನಗೆಗೋ, ನಾನು ಕೇಳಲಿಲ್ಲ.

ಜೀವಂತ ಇದ್ದವಳು ಬೇಡಿಕೊಂಡರೂ ಸಿಗದ ಅನುಮತಿ ಸತ್ತವಳ ಬಿಳಿ ಕೋಟಿಗೆ ಸಿಕ್ಕಿತು. ಮರುದಿನ ದೊಡ್ಡಪ್ಪ ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸಿನ ಮುಂದೆ ಹೋಗಿ ಡ್ರೈವರನ ಮುಖವನ್ನು ಚೆನ್ನಾಗಿ ನೋಡಿ, ಆಮೇಲೆ ನನ್ನನ್ನು ಹತ್ತಿಸಿದರು. ಹಾಜರಿ ಹೇಗೋ ಸಾಕಾಯಿತು. ಪರೀಕ್ಷೆ ಮುಗಿಯುವವರೆಗೆ ದಿನವೂ ಹೀಗೇ.

"ಏನ್ ಯಜಮಾನ್ರ, ದಿನಾ ನನ್ನ ಮಾರಿ ನೋಡಾಕ ಬರ್ತೀರಿ?" ಎಂದ ಒಂದು ದಿನ ಡ್ರೈವರ್.

"ಐತಿಲ್ಲೋ ಅಂತ ನೋಡಿದೆ," ಎಂದರು ದೊಡ್ಡಪ್ಪ.

ಬಸ್ ಹತ್ತಿಸಿದ್ದು ದೆವ್ವ ಇರಬಹುದು. ಪಾಸಾದದ್ದು ನಾನು. ಗಿರಣಿಯ ಮೂಲೆಯಲ್ಲಿ, ಜೋಳದ ಚೀಲಕ್ಕೆ ಬೆನ್ನು ಕೊಟ್ಟು, ಆ ಸದ್ದಿನಲ್ಲಿ ನನ್ನ ದನಿ ನನಗೇ ಕೇಳದಿದ್ದರೂ ಗಟ್ಟಿಯಾಗಿ ಓದಿ ಪಾಸಾದವಳು ನಾನು.

ಪ್ರಮಾಣಪತ್ರ ಬಂದ ದಿನ ಗದಗದಿಂದ ನೇರ ಗಿರಣಿಗೆ ಹೋಗಿ ದೊಡ್ಡಪ್ಪನ ಕೈಗೆ ಕೊಟ್ಟೆ. ಜೋಳ ಬೀಸಿಸಲು ಬಂದವರು ಸಾಲಾಗಿ ನಿಂತಿದ್ದರು. ದೊಡ್ಡಪ್ಪ ಮೋಟರಿನ ಬೆಲ್ಟು ಕಳಚಿ ಗಿರಣಿ ನಿಲ್ಲಿಸಿದರು. ಪಂಚೆಗೆ ಕೈ ಒರೆಸಿಕೊಂಡು, ಮುಖ ಹತ್ತಿರ ತಂದು ನನ್ನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಆಮೇಲೆ ತಿರುಗಿ ಕೊಟ್ಟು ಹೇಳಿದರು:

"ಮನಿಗೆ ಒಯ್ದು ಟಿವಿ ಮುಂದ ಹಿಡಿ. ನಮ್ಮ ಹುಡುಗಿದು ಮುಗದೈತಿ ಅಂತ ಆಕಿಗೂ ಗೊತ್ತಾಗ್ಲಿ."