ಕಂಡೂ ಕಾಣದಂತಿದ್ದ ಗುರುಗಳು

ಪ್ಲೊವ್ದಿವ್ ನಗರದ ಶಸ್ತ್ರಚಿಕಿತ್ಸಾ ಕ್ಷೇತ್ರದಲ್ಲಿ ಪ್ರೊಫೆಸರ್ ವೆಸೆಲಿನಾ ಬೋಯಾಜಿಯೆವಾ ಅವರ ಹೆಸರನ್ನು ಅರಿಯದವರು ವಿರಳ. ಯಕೃತ್ತಿನ ಶಸ್ತ್ರಚಿಕಿತ್ಸೆಯಲ್ಲಿ ಅವರ ಪರಿಣತಿಯನ್ನೂ ಶಿಷ್ಯರಿಗೆ ಅವರು ಕಲಿಸಿದ ಶಿಸ್ತನ್ನೂ ಕುರಿತು ನನಗಿಂತ ಬಲ್ಲವರು ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರ ಇನ್ನೊಂದು ಕೌಶಲವನ್ನು ಕುರಿತು: ಕಣ್ಣೆದುರಿಗಿದ್ದುದನ್ನು ಕಾಣದವರಂತೆ ಇದ್ದುಬಿಡುವ ಕೌಶಲ.

ಅವರ ಕೈಕೆಳಗೆ ತರಬೇತಿಯ ಎರಡನೆಯ ವರ್ಷದಲ್ಲಿದ್ದಾಗ ನಾನು ಬಸುರಿಯಾದೆ. ದೃಷ್ಟಿಯಾದೀತೆಂದು, ಹೊಟ್ಟೆ ಕಾಣಿಸುವವರೆಗೆ ಬಾಯಿಬಿಡದಿರುವುದು ನಮ್ಮಲ್ಲಿ ವಾಡಿಕೆ. ಆದರೆ ನನ್ನ ಬಾಯಿ ಕಟ್ಟಿದ್ದುದು ದೃಷ್ಟಿಯ ಭಯವೊಂದೇ ಅಲ್ಲ. ನನಗಿಂತ ಮುಂಚೆ ಬಸುರಿಯಾದ ಹುಡುಗಿಯೊಬ್ಬಳನ್ನು ಹಿಂದಿನ ಮುಖ್ಯಸ್ಥರು ಚರ್ಮರೋಗ ವಿಭಾಗಕ್ಕೆ ಸಾಗಹಾಕಿದ್ದರು. ಆಕೆ ಮತ್ತೆ ಶಸ್ತ್ರಚಿಕಿತ್ಸೆಗೆ ಮರಳಲೇ ಇಲ್ಲ. ನನಗೂ ಅದೇ ಗತಿಯೆಂದು ಹೆದರಿ ಒಂದಳತೆ ದೊಡ್ಡ ಕೋಟು ತೊಟ್ಟು ಓಡಾಡಿದೆ.

ಆ ದಿನಗಳಲ್ಲಿಯೇ ಮೇಡಂ ಶಸ್ತ್ರಕೊಠಡಿಗೆ ಎರಡು ಎತ್ತರದ ಸ್ಟೂಲು ತರಿಸಿದರು. "ನನ್ನ ಮಂಡಿ ಕೈಕೊಟ್ಟಿದೆ ಕಣೆ. ನಾನೊಬ್ಬಳೇ ಕೂತ್ರೆ ಚೆನ್ನಾಗಿರಲ್ಲ, ನೀನೂ ಕೂತ್ಕೊ" ಎಂದರು. ಎಕ್ಸ್‌ರೇ ನೋಡಿಕೊಂಡು ಮಾಡುವ ಚಿಕಿತ್ಸೆಗಳಿಗೆಲ್ಲ ನನ್ನ ಬದಲು ತಾವೇ ನಿಲ್ಲತೊಡಗಿದರು. ಕೇಳಿದರೆ, "ಅಭ್ಯಾಸ ತಪ್ಪಬಾರದಲ್ಲ" ಎಂಬ ಉತ್ತರ. ಮಂಡಿನೋವಿನವರು ವಿಕಿರಣ ತಡೆಯುವ ಅಷ್ಟು ಭಾರದ ಸೀಸದ ಅಂಗಿ ತೊಟ್ಟು ನಿಲ್ಲುವುದೇಕೆಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಗುಟ್ಟನ್ನು ಚೆನ್ನಾಗಿ ಕಾಪಾಡಿದ್ದೇನೆಂದು ಬೀಗುತ್ತಿದ್ದೆ!

ಕೊನೆಗೆ ವಿಷಯ ತಿಳಿಸಿದಾಗ ಅವರು ಹೊಲಿಗೆಯಿಂದ ತಲೆಯೆತ್ತಲಿಲ್ಲ. "ಗೊತ್ತಮ್ಮ. ನೀನು ಹೇಳೋಕೆ ಮುಂಚೆ ನಾನು ಹೇಳೋಕಾಗುತ್ತಾ? ನಿನ್ನ ಜಾಗ ಎಲ್ಲೂ ಹೋಗಲ್ಲ, ಆ ದಾರ ಕತ್ತರಿಸು" ಎಂದರು. ಉಪಮುಖ್ಯಸ್ಥರಾಗಿದ್ದ ಡಾ. ಗೆರ್ಜಿಕೊವ್ ಸುಮ್ಮನಿರಲಿಲ್ಲ.

"ಮೇಡಂ, ಅಷ್ಟು ದೊಡ್ಡ ಹೊಟ್ಟೆ ಹೊತ್ಕೊಂಡು ಟೇಬಲ್ ಹತ್ರ ನಿಲ್ಲೋಕಾಗುತ್ತಾ?"

"ನೀವು ಇಪ್ಪತ್ತು ವರ್ಷದಿಂದ ನಿಂತಿಲ್ವಾ ಡಾಕ್ಟ್ರೇ? ಇವಳಿಗಾದ್ರೂ ಒಂದಿನ ಹೆರಿಗೆ ಆಗುತ್ತೆ."

ಗೆರ್ಜಿಕೊವ್ ಅವರೂ ನಕ್ಕುಬಿಟ್ಟರು. ಮತ್ತೆ ಆ ಮಾತೆತ್ತಲಿಲ್ಲ.

ಮಗ ಯಾಸೆನ್ ಹುಟ್ಟಿದ ಮೇಲೆ, ರಜೆ ಇನ್ನೂ ಇದ್ದರೂ, ತರಬೇತಿಯಲ್ಲಿ ಹಿಂದೆ ಬೀಳುವ ಭಯದಿಂದ ಬೇಗನೆ ಮರಳಿದೆ. ಎದೆಹಾಲು ಹಿಂಡಿಡಲು ಮೇಡಂ ತಮ್ಮ ಕೋಣೆಯನ್ನೇ ಬಿಟ್ಟುಕೊಟ್ಟರು. ಬಂದವರಿಗೆಲ್ಲ "ಒಳಗೆ ಮೀಟಿಂಗ್ ನಡೀತಿದೆ" ಎನ್ನುತ್ತ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಇಷ್ಟೆಲ್ಲ ಆಸರೆಯಿದ್ದೂ ನಾನು ಸೋತೆ. ಮಗು ಮೊದಲ ಹೆಜ್ಜೆಯಿಟ್ಟದ್ದು ನನ್ನ ಅತ್ತೆಯೆದುರಿಗೆ. ಆಗ ನನ್ನ ಕೈ ಯಾರದೋ ಹೊಟ್ಟೆಯೊಳಗಿತ್ತು. ಶಸ್ತ್ರಚಿಕಿತ್ಸೆಯನ್ನೇ ಬಿಡುವುದೆಂದು ಅಂದೇ ನಿಶ್ಚಯಿಸಿದೆ.

ಭಾನುವಾರ ಮೊದಲ ಹೆಜ್ಜೆಯ ಹಬ್ಬ ಮಾಡಿದೆವು. ಅತ್ತೆ ದುಂಡು ರೊಟ್ಟಿ ಸುಟ್ಟು, ಬಿಳಿಬಟ್ಟೆ ಹಾಸಿ, ಅದರ ತುದಿಯ ಮಣೆಯ ಮೇಲೆ ಪುಸ್ತಕ, ಬಣ್ಣದ ಕುಂಚ, ಸುತ್ತಿಗೆ ಎಲ್ಲ ಇಟ್ಟರು. ಮಗು ಯಾವುದನ್ನು ಎತ್ತಿಕೊಳ್ಳುತ್ತದೋ ಮುಂದೆ ಅದೇ ಕಸುಬು ಹಿಡಿಯುತ್ತದೆಂಬ ನಂಬಿಕೆ. ಸ್ಟೆತಸ್ಕೋಪನ್ನು ಮಾತ್ರ ಅತ್ತೆ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಅತ್ತೆ ಉರುಳಿಸಿಬಿಟ್ಟ ರೊಟ್ಟಿಯ ಹಿಂದೆ ಯಾಸೆನ್ ತೂರಾಡುತ್ತ ನಡೆದು ಸುತ್ತಿಗೆ ಹಿಡಿದ. ಮಗು ಚುರುಕಾಗಲೆಂದು ರೊಟ್ಟಿಯ ತುಂಡು ಹಿಡಿದು ಮನೆಯ ಸುತ್ತ ಓಡುವ ಹೆಂಗಸರ ನಡುವೆ ನಮ್ಮ ಪ್ರೊಫೆಸರರೂ ಓಡಿದರು. ಮಂಡಿನೋವು ಅಂದು ಎಲ್ಲಿಗೆ ಹೋಗಿತ್ತೋ.

ಅಡುಗೆಮನೆಯಲ್ಲಿ ಮೇಡಂ ಅವರಿಗೆ ನನ್ನ ನಿರ್ಧಾರ ತಿಳಿಸಿದೆ. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ಅವರು ಮೇಜಿನ ಮೇಲಿಟ್ಟರು.

"ನನ್ನ ಮಗಳು ಬಿಲ್ಯಾನಾಳ ಹೆಜ್ಜೆ ಹಬ್ಬದ ದಿನ ನಾನು ಆಸ್ಪತ್ರೇಲಿದ್ದೆ. ಬದಲಿಗೆ ನಿಂತ್ಕೋತೀನಿ ಅನ್ನೋರು ಯಾರೂ ಇರ್ಲಿಲ್ಲ. ಅವಳು ಏನು ಎತ್ಕೊಂಡ್ಲು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಕೇಳೋ ಧೈರ್ಯ ಬರ್ಲಿಲ್ಲ." ಮತ್ತೆ ಹೇಳಿದರು: "ಬಿಡೋದಾದ್ರೆ ಬಿಡು, ನಾನು ತಡೆಯಲ್ಲ. ಆದ್ರೆ ನಿನ್ನ ಬದಲಿಗೆ ನಿಲ್ಲೋಕೆ ಯಾರೂ ಇಲ್ಲ ಅಂತ ಬಿಡಬೇಡ. ನಾನಿದ್ದೀನಿ."

ಸೋಮವಾರ ನಾನು ಕೆಲಸಕ್ಕೆ ಹೋದೆ. ಇಂದು ಅವರದೇ ವಿಭಾಗದಲ್ಲಿ ಶಸ್ತ್ರವೈದ್ಯೆಯಾಗಿದ್ದೇನೆ. ಆ ಋಣವನ್ನು ತೀರಿಸುವುದು ನನ್ನಿಂದಾಗದು.

ಈ ಸಂಪುಟಕ್ಕೆ ಭಾವಚಿತ್ರ ಕೇಳಲು ಬಿಲ್ಯಾನಾ ಅವರಲ್ಲಿಗೆ ಹೋಗಿದ್ದಾಗ, ಮೇಡಂ ಕೇಳಲಾರದೆ ಹೋದುದನ್ನು ನಾನು ಕೇಳಿಬಿಟ್ಟೆ. ಆಕೆ ನಕ್ಕು ಉತ್ತರ ಹೇಳಿದರು. ಆಮೇಲೆ ನಗು ನಿಲ್ಲಿಸಿ, "ಅಮ್ಮ ಕೇಳ್ತಾರೆ ಅಂತ ಚಿಕ್ಕೋಳಿದ್ದಾಗಿಂದ ಕಾಯ್ತಿದ್ದೀನಿ" ಎಂದರು.

ಮಾನ್ಯ ಪ್ರೊಫೆಸರರೇ, ತಮಗೆ ನೂರು ವರ್ಷದ ಆಯುಸ್ಸೂ, ಕೈಗೆ ಇದೇ ಸ್ಥಿರತೆಯೂ ಇರಲಿ. ನಿವೃತ್ತಿಯ ಮೇಲೂ ಇನ್ನಷ್ಟು ಶಿಷ್ಯೆಯರು ತಮ್ಮ ಬಳಿ ಕಲಿಯಲಿ. ಆ ಉತ್ತರವನ್ನು ನಾನಿಲ್ಲಿ ಬರೆಯುವುದಿಲ್ಲ. ನಾಳೆಯಿಂದ ತಮಗೆ ಬಿಡುವಿದೆ. ಮಗಳ ಮನೆಗೆ ಹೋಗಿ, ಕೇಳಿ.