ಅರವತ್ತೊಂದು ದಿನದ ನಿವಾಸಿ

ಜನವರಿ ಐದರ ಬೆಳಿಗ್ಗೆ ಬಿಟಿಎಂ ಲೇಔಟಿನ ನನ್ನ ರೂಮಿನ ಬೀಗ ತೆಗೆದು, ಬ್ಯಾಗು ಇಳಿಸುವ ಮೊದಲೇ ಡೈರಿ ತೆರೆದು ನೆಲದ ಕಾಲಂನಲ್ಲಿ ‘ಒಂದು’ ಎಂದು ಬರೆದೆ. ನನ್ನ ಡೈರಿಯಲ್ಲಿ ಪ್ರತಿ ಪುಟಕ್ಕೂ ಎರಡು ಕಾಲಂ: ನೀರು, ನೆಲ. ಹಡಗಿನಲ್ಲಿ ಪಾಳಿ ಮುಗಿದಾಗಲೆಲ್ಲ ಗಾಳಿ, ಅಲೆ, ಆಳ ಬರೆದಿಟ್ಟು ಬಂದಿದ್ದರಿಂದ ಈ ಅಭ್ಯಾಸ ಅಂಟಿಕೊಂಡಿದೆ. ಕಳೆದ ವರ್ಷದ ಒಟ್ಟು ಕೊನೆಯ ಪುಟದಲ್ಲಿತ್ತು. ನೀರು ಇನ್ನೂರ ಎಂಬತ್ತೊಂದು, ಈ ರೂಮು ಅರವತ್ತೊಂದು, ಬಾಗಲಕೋಟೆ ಕಡೆಯ ನಮ್ಮೂರು ಹದಿನೈದು, ವಿಮಾನ ನಿಲ್ದಾಣ, ಹೋಟೆಲು ಇತ್ಯಾದಿ ಎಂಟು. ಕೂಡಿದರೆ ಮುನ್ನೂರ ಅರವತ್ತೈದು. ಲೆಕ್ಕ ಸರಿಹೋಗಿದ್ದಕ್ಕೆ ಆಗ ಸಮಾಧಾನವೇ ಆಗಿತ್ತು.

ನಾನು ಕೆಲಸ ಮಾಡುವುದು ಹೂಳೆತ್ತುವ ಹಡಗಿನಲ್ಲಿ. ಬಂದರಿಗೆ ಬರುವ ದೊಡ್ಡ ಹಡಗುಗಳ ದಾರಿಯಲ್ಲಿ ತುಂಬಿಕೊಂಡ ಮಣ್ಣನ್ನು ಎತ್ತಿ, ಸ್ವಲ್ಪ ದೂರ ಒಯ್ದು ಸುರಿದು, ಮತ್ತೆ ಬಂದು ಎತ್ತುವುದು. ದಡದ ಮನೆಗಳಲ್ಲಿ ಒಣಹಾಕಿದ ಬಟ್ಟೆ ಕಾಣುವಷ್ಟು ಹತ್ತಿರ ತಿಂಗಳುಗಟ್ಟಲೆ ಓಡಾಡುತ್ತೇವೆ, ಇಳಿಯುವುದಿಲ್ಲ.

ಜನವರಿ ಒಂಬತ್ತಕ್ಕೆ ಮುಂಬೈನ ಏಜೆನ್ಸಿಯಿಂದ ಫೋನು ಬಂತು. ಕಂಪನಿಗೆ ಉತ್ತರದ ಒಂದು ದೇಶದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿದೆ, ಮಾರ್ಚ್ ಕೊನೆಗೆ ಹಡಗು ಹತ್ತಬೇಕು ಎಂದರು. ಒಂದೇ ತೊಡಕು. ಸರಕು ಹಡಗಿನವರು ಬಂದರಿಗೆ ಬಂದು ಹೋಗುವವರು, ಅವರಿಗೆ ನಾವಿಕರ ಗುರುತಿನ ಪುಸ್ತಕ ಸಾಕು. ನಾವು ಅವರ ದಡದ ನೀರಿನಲ್ಲೇ ನಿಂತು ದುಡಿಯುವವರು. ಆದ್ದರಿಂದ ಆ ದೇಶದ ಲೆಕ್ಕದಲ್ಲಿ ನಾವು ಅಲ್ಲಿ ವಾಸಿಸುವವರು. ನಿವಾಸ ಪರವಾನಗಿ ಇಲ್ಲದೆ ಹಡಗು ಹತ್ತುವಂತಿಲ್ಲ.

ಪರವಾನಗಿಗೆ ಬೇಕಾದ ಕಾಗದ ಏಳು. ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಜಯನಗರದಲ್ಲಿ ಅವರು ಹೇಳಿದ ಅಳತೆಯ ಫೋಟೋ ತೆಗೆಸಲು ಮೂರು ಸಲ ಹೋದೆ, ಕಿವಿ ಕಾಣಲಿಲ್ಲವೆಂದು ಒಮ್ಮೆ, ಹಿನ್ನೆಲೆ ಬಿಳಿ ಸಾಲದೆಂದು ಇನ್ನೊಮ್ಮೆ. ಹಾಗೂ ಹೀಗೂ ಜನವರಿ ಮುಗಿಯುವುದರೊಳಗೆ ಆರು ಕಾಗದ ಆದವು. ಉಳಿದದ್ದು ಪೊಲೀಸ್ ಸರ್ಟಿಫಿಕೇಟು. ನನ್ನ ಮೇಲೆ ಕೇಸಿಲ್ಲ, ಪಾಸ್‌ಪೋರ್ಟಿನಲ್ಲಿರುವ ಬಿಟಿಎಂ ವಿಳಾಸದಲ್ಲೇ ವಾಸವಾಗಿದ್ದೇನೆ ಎಂದು ಹೇಳುವ ಒಂದು ಹಾಳೆ.

ಪರಿಶೀಲನೆಗೆ ಕಾನ್‌ಸ್ಟೇಬಲ್ ಬಂದದ್ದು ಜನವರಿ ಇಪ್ಪತ್ತೊಂಬತ್ತಕ್ಕೆ. ಆ ಹೊತ್ತಿಗೆ ನಾನು ವೈದ್ಯಕೀಯ ತಪಾಸಣೆಯ ವರದಿ ತರಲು ಜೆಪಿ ನಗರಕ್ಕೆ ಹೋಗಿದ್ದೆ. ಸಂಜೆ ಕೆಳಗಿನ ಮನೆಯ ಓನರ್ ಆಂಟಿ ಗೇಟಿನಲ್ಲೇ ಹಿಡಿದರು.

“ಪೊಲೀಸ್ನೋರು ಬಂದಿದ್ರಪ್ಪ. ನಿನ್ ಬಗ್ಗೆ ಚೆನ್ನಾಗಿ ಹೇಳಿದೀನಿ.”

“ಏನಂದ್ರಿ ಆಂಟಿ?”

“ಇಂಥ ಹುಡುಗ ಸಿಗಲ್ಲ ಸಾರ್, ವರ್ಷದಲ್ಲಿ ಎರಡು ತಿಂಗಳು ಇದ್ರೆ ಹೆಚ್ಚು, ನೀರು ಖರ್ಚಿಲ್ಲ, ಗಲಾಟೆ ಇಲ್ಲ, ಬೀಗದ ಮೇಲೆ ಧೂಳು ಕೂತಿರತ್ತೆ ಅಂದೆ. ಎದುರು ಮನೆ ಅಂಕಲ್‌ನೂ ಕರ್ದು ಕೇಳಿದ್ರು. ಮೇಲೆ ಯಾರಾದ್ರೂ ಇದಾರಾ ಅಂತ ಅವರಿಗೇ ಡೌಟು!” ಎಂದು ಅವರು ನಕ್ಕರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಬಾಡಿಗೆದಾರನಿಗೆ ಅದಕ್ಕಿಂತ ಒಳ್ಳೆಯ ಮಾತು ಅವರಲ್ಲಿ ಇರಲಿಲ್ಲ.

ಫೆಬ್ರವರಿ ಆರಕ್ಕೆ ಸ್ಟೇಷನ್ನಿಗೆ ಹೋದೆ. ಕಡತ ನೋಡಿಕೊಳ್ಳುವ ರೈಟರ್ ಐವತ್ತು ದಾಟಿದವರು, ಕನ್ನಡಕ ಹಣೆಯ ಮೇಲಿತ್ತು. ಅಕ್ಕಪಕ್ಕದವರು ನೀನಿಲ್ಲ ಅಂತಾರೆ, ವಾಸ ಇದ್ದದ್ದಕ್ಕೆ ಏನಾದರೂ ಇದೆಯಾ ಎಂದು ಕೇಳಿದರು. ಬಾಡಿಗೆ ಕರಾರು ಕೊಟ್ಟೆ. ಅದು ಕಾಗದ ಮಾತ್ರ, ಇದ್ದೆ ಅನ್ನೋದಕ್ಕೆ ಅಲ್ಲ ಎಂದರು. ಆಗ ನಾನು, ನನ್ನ ಪ್ರಾಮಾಣಿಕತೆಯ ಬಗ್ಗೆ ಅನುಮಾನವೇ ಉಳಿಯಬಾರದೆಂದು, ಡೈರಿ ತೆಗೆದು ಮೇಜಿನ ಮೇಲಿಟ್ಟೆ. ದಿನ ದಿನದ ದಾಖಲೆ, ಒಂದೂ ಬಿಟ್ಟಿಲ್ಲ ಎಂದೆ.

ಅವರು ಕನ್ನಡಕ ಇಳಿಸಿ ಒಂದೊಂದೇ ಪುಟ ತಿರುಗಿಸಿದರು. ಕೊನೆಯ ಪುಟದ ಒಟ್ಟಿನ ಮೇಲೆ ಪೆನ್ನಿನ ತುದಿ ನಿಂತಿತು.

“ಅಕ್ಷರ ಮುದ್ದಾಗಿದೆ. ಅಲ್ಲಪ್ಪ, ಅರವತ್ತೊಂದು ದಿನ ಅಂತ ನೀನೇ ಬರ್ದಿದೀಯಲ್ಲ. ಇದನ್ನ ನೋಡ್ದೆ ಇದ್ದಿದ್ರೆ ನಾನು ಹೇಗೋ ಏನೋ ಬರೀತಿದ್ದೆ. ಈಗ ನಾನು ಸುಳ್ಳು ಬರೀಲಾ?”

“ಬಾಕಿ ದಿನ ಹಡಗಲ್ಲಿ ಇದ್ದೆ ಸಾರ್.”

“ಹಡಗಲ್ಲಿ ಎಲ್ಲಿ?”

“ನೀರಲ್ಲಿ.”

“ನೀರಲ್ಲಿ ಯಾವ ಸ್ಟೇಷನ್ ಲಿಮಿಟ್ ಬರತ್ತೆ ಹೇಳು, ಕಡತ ಅಲ್ಲಿಗೇ ಕಳಿಸ್ತೀನಿ.” ಪಕ್ಕದ ಮೇಜಿನವರು ನಕ್ಕರು, ನಾನೂ ನಕ್ಕೆ. ಅವರು ಮಾತ್ರ ನಗದೆ ಡೈರಿ ಮುಚ್ಚಿ ನನ್ನ ಕಡೆ ತಳ್ಳಿದರು. “ಊರಿಂದ ಮಾಡಿಸ್ಕೋಬೋದಾ ನೋಡು. ಇಲ್ಲಾಂದ್ರೆ ಒಂದಷ್ಟು ತಿಂಗಳು ಇಲ್ಲೇ ಇದ್ದು, ನಾಲ್ಕು ಜನದ ಕಣ್ಣಿಗೆ ಬಿದ್ದು, ಆಮೇಲೆ ಹಾಕು.”

ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದೆ.

“ಇಲ್ಲಿಗೆ ಬಂದು ಮಾಡಿಸ್ಕೋ ತಮ್ಮಾ. ಆದ್ರ ಪೊಲೀಸ್ರು ಬಂದು ಕೇಳಿದ್ರ ಏನ್ ಹೇಳೂಣು? ಓಣಿ ಮಂದಿಯೆಲ್ಲಾ ‘ಅಂವಾ ಬೆಂಗಳೂರಾಗ ಅದಾನ’ ಅಂತಾರ.”

ಓಣಿಯವರದ್ದು ತಪ್ಪಲ್ಲ. ಅಲ್ಲಿಯ ಲೆಕ್ಕ ಬರೀ ಹದಿನೈದು. ಆ ರಾತ್ರಿ ಡೈರಿಯಲ್ಲಿ ದಿನದ ಅಂಕಿ ಬಿಟ್ಟರೆ ಬೇರೇನೂ ಬರೆಯಲಿಲ್ಲ.

ಮಾರ್ಚ್ ಇಪ್ಪತ್ತಕ್ಕೆ ಏಜೆನ್ಸಿಯವರು ನನ್ನ ಜಾಗಕ್ಕೆ ಇನ್ನೊಬ್ಬನನ್ನು ತೆಗೆದುಕೊಂಡರು. ಆಗಸ್ಟಿನಲ್ಲಿ ಹಡಗಿನ ಸಿಬ್ಬಂದಿ ಬದಲಾಗುತ್ತಾರೆ, ಅಷ್ಟರಲ್ಲಿ ಪರವಾನಗಿ ಬಂದರೆ ಸರಿ, ಇಲ್ಲದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದರು. ಅದು ಎಪ್ಪತ್ತೈದನೇ ನೆಲದ ದಿನ. ಹಡಗಿನ ಕೆಲಸಕ್ಕೆ ಸೇರಿದ ಏಳು ವರ್ಷದಲ್ಲಿ ಇಷ್ಟು ದಿನ ಒಂದೇ ಕಡೆ ಮಲಗಿದ್ದು ನನಗೆ ನೆನಪಿಲ್ಲ.

ಮರುದಿನದಿಂದ ಕಣ್ಣಿಗೆ ಬೀಳುವ ಕೆಲಸ ಶುರು ಮಾಡಿದೆ. ಡೈರಿಯಲ್ಲಿ ಮೂರನೇ ಕಾಲಂ ಎಳೆದು, ನನ್ನ ಗುರುತು ಹಿಡಿದವರ ಲೆಕ್ಕಕ್ಕೆ ‘ಕಂಡವರು’ ಎಂದು ಬರೆದೆ. ಬೆಳಿಗ್ಗೆ ಕಸದ ಗಾಡಿಯ ಹಾಡು ಕೇಳಿದ ಕೂಡಲೇ ಎರಡು ಡಬ್ಬ ಹಿಡಿದು ಇಳಿಯುವುದು. ಹಾಲನ್ನು ಒಂದೇ ಸಲ ಎರಡು ಪ್ಯಾಕೆಟ್ ತರದೆ, ಬೆಳಿಗ್ಗೆ ಒಂದು, ಸಂಜೆ ಒಂದು ತರುವುದು. ಎದುರು ಮನೆ ಅಂಕಲ್ ಪೇಪರ್ ಓದುವ ಹೊತ್ತಿಗೆ ಗೇಟಿನ ಬಳಿ ನಿಂತು ನಮಸ್ಕಾರ ಹೇಳುವುದು. ಮೊದಲ ವಾರ ಗುರುತು ಹಿಡಿದವರು ಇಬ್ಬರು. ಏಪ್ರಿಲ್ ಕೊನೆಗೆ ಒಂಬತ್ತು. ಇಡೀ ದಿನ ಮಾಡಲು ಏನೂ ಇಲ್ಲದವನು ಇಷ್ಟು ದಣಿಯಬಹುದೆಂದು ನನಗೆ ಗೊತ್ತಿರಲಿಲ್ಲ. ಡೆಕ್ಕಿನಲ್ಲಿ ಹನ್ನೆರಡು ಗಂಟೆ ಪೈಪು ಎಳೆದರೆ ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು. ಇಲ್ಲಿ ಮಧ್ಯಾಹ್ನವೇ ಕಣ್ಣು ಉರಿಯುತ್ತಿತ್ತು, ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಕಸದ ಗಾಡಿಯ ಅಕ್ಕ ಮೇ ತಿಂಗಳಲ್ಲಿ ಕೇಳಿಯೇಬಿಟ್ಟರು.

“ಏನಣ್ಣ, ಕೆಲ್ಸ ಹೋಯ್ತಾ? ದಿನಾ ಮನೇಲೇ ಇರ್ತೀಯ.”

“ಹಡಗಿನ ಕೆಲ್ಸ ಅಕ್ಕ. ಪೇಪರ್ ಬರ್ಬೇಕು.”

“ನಮ್ಮನೆಯೋನೂ ಹಂಗೇ ಅಂತಾನೆ, ಪೇಪರ್ ಬರ್ಬೇಕು ಅಂತ. ಹಸಿ ಕಸದಲ್ಲಿ ಪ್ಲಾಸ್ಟಿಕ್ ಹಾಕ್ಬೇಡ.”

ಓನರ್ ಆಂಟಿಯ ಮುಖ ಮಾತ್ರ ದಿನೇ ದಿನೇ ಬಿಗಿಯಾಗುತ್ತಿತ್ತು. ಬೇಸಿಗೆಯಲ್ಲಿ ಬೋರ್ ಕೈಕೊಟ್ಟು ಟ್ಯಾಂಕರ್ ತರಿಸುವಾಗ, “ನಿನ್ ಹಡಗು ಮುಳುಗೋಯ್ತಾ ಏನಪ್ಪಾ?” ಎಂದು ಕೇಳಿದರು. ಟೆರೇಸಿನಲ್ಲಿ ನನ್ನ ಬಟ್ಟೆ ಹೆಚ್ಚಾಯಿತು, ಮೆಟ್ಟಿಲ ಮೇಲೆ ನನ್ನ ಚಪ್ಪಲಿಯ ಸದ್ದು ಹೆಚ್ಚಾಯಿತು ಎಂಬ ದೂರುಗಳು ಬಂದವು.

ಜೂನ್ ಆರಂಭದಲ್ಲಿ ಮತ್ತೆ ಅರ್ಜಿ ಹಾಕಿದೆ. ಹನ್ನೆರಡನೇ ತಾರೀಖಿಗೆ, ನೆಲದ ನೂರ ಐವತ್ತೊಂಬತ್ತನೇ ದಿನ, ಕಾನ್‌ಸ್ಟೇಬಲ್ ಬಂದರು. ನಾನು ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೆಳಗಿಂದ ಮಾತು ಕೇಳಿಸಿತು. ಇಳಿಯಬೇಕೋ ಬೇಡವೋ ತಿಳಿಯದೆ ಕ್ಲಿಪ್ಪು ಹಿಡಿದು ನಿಂತೆ.

“ಏನಮ್ಮಾ, ಈಗಾದ್ರೂ ಇದಾನಾ ಆ ಹುಡುಗ?”

“ಅಯ್ಯೋ ಎಲ್ಲೂ ಹೋಗಲ್ಲ ಸಾರ್! ಮೂರು ಹೊತ್ತೂ ಇಲ್ಲೇ. ನೀರು ಬಿಟ್ರೆ ನಿಲ್ಸೋದೇ ಇಲ್ಲ. ನೀವೇ ಒಂಚೂರು ಬುದ್ಧಿ ಹೇಳಿ.”

ಎದುರು ಮನೆ ಅಂಕಲ್ ಕರೆಯದೆಯೇ ಗೇಟಿಗೆ ಬಂದರು. “ದಿನಾ ಬೆಳಿಗ್ಗೆ ನಿಂತಿರ್ತಾನೆ ಸಾರ್. ಪೇಪರ್ ಓದಕ್ಕೆ ಬಿಡಲ್ಲ, ನಮಸ್ಕಾರ ಹೇಳ್ತಾನೆ.”

ಕಾನ್‌ಸ್ಟೇಬಲ್ ಬರೆದುಕೊಂಡು ಇಬ್ಬರ ಸಹಿ ಹಾಕಿಸಿಕೊಂಡರು. ಖುಷಿಯಾಗಬೇಕಿತ್ತು. ನಾನು ಒಣಗಿದ ಟವೆಲನ್ನು ಮತ್ತೆ ಹಗ್ಗಕ್ಕೆ ಹಾಕಿದ್ದೆ ಎಂಬುದು ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು.

ಸರ್ಟಿಫಿಕೇಟು ಜುಲೈ ಎರಡಕ್ಕೆ ಕೈಸೇರಿತು. ವೈದ್ಯಕೀಯ ವರದಿ ಹಳೆಯದಾಗಿದೆ ಎಂದು ಮತ್ತೊಮ್ಮೆ ಜೆಪಿ ನಗರ, ಫೋಟೋಗೆ ಮತ್ತೊಮ್ಮೆ ಜಯನಗರ. ಪರವಾನಗಿ ಆಗಸ್ಟ್ ಹನ್ನೊಂದಕ್ಕೆ ಬಂತು. ವಿಳಾಸದ ಜಾಗದಲ್ಲಿ ನಾನು ನೋಡಿಯೇ ಇರದ, ಬಂದರಿನ ಒಂದು ಕಂಪನಿ ಕಚೇರಿಯ ವಿಳಾಸವಿತ್ತು. ಜೊತೆಯ ಪತ್ರದ ಕೊನೆಯಲ್ಲಿ ಒಂದು ಷರತ್ತು: ಗೊತ್ತುಮಾಡಿದ ಅವಧಿಗಿಂತ ಹೆಚ್ಚು ಕಾಲ ಆ ದೇಶದ ಹೊರಗಿದ್ದರೆ ಪರವಾನಗಿ ರದ್ದು. ಎರಡು ಸಲ ಓದಿದೆ. ಅಲ್ಲಿಯೂ ಯಾರೋ ದಿನ ಎಣಿಸುತ್ತಾರೆ.

ಹೊರಡುವ ದಿನ ಆಗಸ್ಟ್ ಹದಿನಾರು. ಟಿಕೆಟ್ ಕೈಗೆ ಬಂದ ಸಂಜೆ ಆಂಟಿಗೆ ಹೇಳಿದಾಗ ಅವರ ಮುಖ ಅರಳಿತು, ದಾರಿಗೆಂದು ಚಕ್ಕುಲಿ ಕಟ್ಟಿಕೊಟ್ಟರು. ಹೊರಡುವ ಬೆಳಿಗ್ಗೆ ಡೈರಿಯಲ್ಲಿ ನೆಲ ಇನ್ನೂರ ಇಪ್ಪತ್ತನಾಲ್ಕು, ಕಂಡವರು ಇಪ್ಪತ್ತಾರು. ಎರಡರ ಕೆಳಗೂ ಗೆರೆ ಎಳೆದು, ಬ್ಯಾಗು ಮೆಟ್ಟಿಲ ಬಳಿ ಇಟ್ಟು, ಡಬ್ಬ ಹಿಡಿದು ಗಾಡಿಯ ಹತ್ತಿರ ಹೋದೆ.

ಕಸದ ಗಾಡಿಯ ಅಕ್ಕ ಡಬ್ಬದೊಳಗೆ ನೋಡಿ ತಲೆಯಾಡಿಸಿದರು. “ಈಗ ಸರಿಯಾಗಿ ಬೇರೆ ಮಾಡ್ತೀಯ. ನಾಳೆಯಿಂದ ಗಾಡಿ ಅರ್ಧ ಗಂಟೆ ಬೇಗ ಬರತ್ತೆ, ಕೆಳಗಿರು.”

“ಸರಿ ಅಕ್ಕ,” ಎಂದೆ.