ಅಕ್ಕ ಏಳದೆ ಕೂತ ಭಾನುವಾರ

ಬ್ಯಾಡಗಿ ಕಡೆಯಿಂದ ಬಂದ ಬಸ್ಸು ಹಾವೇರಿ ನಿಲ್ದಾಣದಲ್ಲಿ ನಿಂತು ಬಾಗಿಲು ತೆರೆದರೆ, ಜನಕ್ಕಿಂತ ಮೊದಲು ಮೆಣಸಿನಕಾಯಿಯ ವಾಸನೆ ಇಳಿಯುತ್ತದೆ. ಖಾರದ ಘಾಟಲ್ಲ ಅದು. ಬಿಸಿಲಿನಲ್ಲಿ ಒಣಗಿದ ಬ್ಯಾಡಗಿ ಕಾಯಿಯದು ತುಸು ಸಿಹಿಯಾದ, ಗಂಟಲಲ್ಲಿ ಸಣ್ಣಗೆ ಕೆರೆಯುವ ವಾಸನೆ. ಕಾಯಿಪಲ್ಲೆಯ ಚೀಲ ಹಿಡಿದು ಹೊರಟವಳು ನಿಂತುಬಿಡುತ್ತೇನೆ. ಬ್ಯಾಡಗಿಯಲ್ಲಿ ನಾನು ಹುಟ್ಟಿ ಬೆಳೆದ ಮನೆಯಲ್ಲಿ ಈ ವಾಸನೆ ಇಲ್ಲದ ವಸ್ತುವೇ ಇರಲಿಲ್ಲ. ತಲೆದಿಂಬು, ಅವ್ವನ ಸೆರಗು, ರೊಟ್ಟಿ ಬುಟ್ಟಿ, ಅಪ್ಪನ ಹಳೆಯ ಕೀರ್ತನೆ ಪುಸ್ತಕ, ಎಲ್ಲದರಲ್ಲೂ ಅದೇ. ನಮ್ಮ ಸಣ್ಣ ಚರ್ಚಿನ ಜಮಖಾನದಲ್ಲೂ ಅದೇ ಇತ್ತು. ಹೆಂಗಸರೆಲ್ಲ ಕಾಯಿಯ ತೊಟ್ಟು ಬಿಡಿಸುವ ಕೆಲಸದಿಂದ ನೇರ ಬಂದು ಅಲ್ಲಿ ಮೊಣಕಾಲೂರುತ್ತಿದ್ದರು. ಪ್ರಾರ್ಥನೆಯ ನಡುವೆ ಒಬ್ಬರು ಸೀನಿದರೆ ಸಾಲಿಗೆ ಸಾಲೇ ಸೀನುತ್ತಿತ್ತು. ಸಭಾಪಾಲಕರು ಕಣ್ಣು ಮುಚ್ಚಿಕೊಂಡೇ, ಸೀನೆಲ್ಲ ಮುಗಿಯುವವರೆಗೆ ದೇವರನ್ನೂ ಕಾಯಿಸುತ್ತಿದ್ದರು.

ಎರಡು ಕೋಣೆಯ ಹಂಚಿನ ಬಾಡಿಗೆ ಮನೆ ನಮ್ಮದು. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುತ್ತಿದ್ದ. ನನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ. ಅವನ ಮುಖ ನೆನಪಿಲ್ಲ, ಹೆಗಲ ಮೇಲಿನ ಕೆಂಪು ಧೂಳು ನೆನಪಿದೆ. ಆಮೇಲೆ ಉಳಿದವರು ಮೂವರು ಹೆಂಗಸರು: ಅವ್ವ, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ಕರುಣಾ, ಮತ್ತು ನಾನು. ಅವ್ವ ನಸುಕಿಗೆ ಎದ್ದು ಕೆಲಸಕ್ಕೆ ಹೋದರೆ ಹೊತ್ತು ಮುಳುಗುವಾಗ ಬರುತ್ತಿದ್ದಳು. ಹೀಗಾಗಿ ನನಗೆ ತಲೆ ಬಾಚಿದವಳು, ಉಣ್ಣಿಸಿದವಳು, ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟಾಗ ಅತ್ತವಳು, ಎಲ್ಲ ಅಕ್ಕನೇ. ನನ್ನ ಪಾಲಿಗೆ ಮನೆ ಎಂದರೆ ಅವಳು. ನಿಮಗೂ ಅಂಥ ಒಬ್ಬರು ಇದ್ದಿದ್ದರೆ, ಅವರು ಹೊಸ್ತಿಲು ದಾಟಿ ಹೊರಗೆ ಹೋದಾಗ ಮನೆ ಎಷ್ಟು ಬರಿದಾಗುತ್ತದೆ ಎಂಬುದನ್ನು ನಾನು ಹೇಳಬೇಕಿಲ್ಲ.

ಅಕ್ಕನಿಗೆ ಹದಿಮೂರು ವರ್ಷವಿದ್ದಾಗ ಮೂರ್ಛೆ ಬರಲು ಶುರುವಾಗಿತ್ತು. ಹಾವೇರಿಯ ಡಾಕ್ಟರು ಕೊಟ್ಟ ಗುಳಿಗೆಯನ್ನು ಅವಳು ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದಳು. ಇಪ್ಪತ್ತು ತುಂಬುವ ಹೊತ್ತಿಗೆ ನಾಲ್ಕು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಅದು ಮನೆಯ ಮೂವರ ನಡುವೆಯೇ ಉಳಿದಿದ್ದ ಸಂಗತಿ. ಆಗ ರಾಣೇಬೆನ್ನೂರಿನಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಜಯಕುಮಾರ, ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ. ಅಕ್ಕನಿಗೆ ಅವನು ಹಿಡಿಸಿದ್ದ. ಬರುವ ಭಾನುವಾರ ಅವನು ಬಂದಾಗ ತನ್ನ ಕಾಯಿಲೆಯ ವಿಷಯವನ್ನು ತಾನೇ ಬಾಯಿಬಿಟ್ಟು ಹೇಳುವುದೆಂದು ನಿರ್ಧರಿಸಿದ್ದಳು. ಅವ್ವ ಬೇಡವೆಂದಳು. ಅಕ್ಕ ಕೇಳಲಿಲ್ಲ. "ದೇವರ ಮುಂದ ಕೈ ಹಿಡಿಯೋದೈತಿ. ಮುಚ್ಚಿಟ್ಟು ಹೆಂಗ ಹಿಡೀಲಿ?" ಎಂದಳು. ನನ್ನ ಕಡೆ ತಿರುಗಿ, "ಪ್ರೇಮಾ, ಭಾನುವಾರದ ತನಕ ಬಾಯಿ ಬಿಡಬ್ಯಾಡ. ಇದು ನಾನ ಹೇಳಬೇಕಾದ ಮಾತು" ಎಂದಳು. ನಾನು ತಲೆಯಾಡಿಸಿದೆ.

ಗುರುವಾರ ಸಂಜೆ ಹೆಂಗಸರ ಪ್ರಾರ್ಥನಾ ಕೂಟ. ಹನ್ನೆರಡು ಹದಿನೈದು ಮಂದಿ ದುಂಡಗೆ ಕೂತು, ವಾಕ್ಯ ಓದಿ, ಒಬ್ಬೊಬ್ಬರಾಗಿ ತಮ್ಮ ಪ್ರಾರ್ಥನೆಯ ವಿಷಯ ಹೇಳುತ್ತಿದ್ದರು. ಗಂಡನ ಕುಡಿತ, ಮಗನ ಪರೀಕ್ಷೆ, ಮೊಣಕಾಲು ನೋವು. ತಮ್ಮದು ತೀರಿದ ಮೇಲೆ ಪಕ್ಕದವರದು. ಇಂಥವಳ ಸೊಸೆ ತವರಿಗೆ ಹೋಗಿದ್ದಾಳಂತೆ, ಪ್ರಾರ್ಥಿಸಿರಿ. ಇಂಥವನು ಯಾರನ್ನೋ ಬೈಕಿನಲ್ಲಿ ಕೂರಿಸಿಕೊಂಡು ತಿರುಗುತ್ತಿದ್ದಾನಂತೆ, ಪ್ರಾರ್ಥಿಸಿರಿ. ಪ್ರಾರ್ಥನೆ ಎಂದರೆ ಯಾವ ಮಾತಿಗೂ ಅಡ್ಡಿಯಿರಲಿಲ್ಲ. ಆ ಗುರುವಾರ ಅಕ್ಕ, ಅವ್ವ ಇಬ್ಬರೂ ಕೆಲಸದಿಂದ ಬಂದಿರಲಿಲ್ಲ. ಕೂಟದ ಹಿರಿಯಳು, ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದವಳು, "ಏನವಾ ಪ್ರೇಮಾ, ನಿಂದೇನರೆ ಐತೇನ?" ಎಂದು ಕೇಳಿದಳು. ಹದಿನಾಲ್ಕು ವರ್ಷದವಳು ನಾನು. "ನಮ್ಮಕ್ಕಗ ಫಿಟ್ಸ್ ಐತ್ರಿ. ರಾಣೇಬೆನ್ನೂರಾಗ ಮದುವಿ ಗೊತ್ತಾಗೇತಿ. ಅಕಿ ಸಲುವಾಗಿ ಪ್ರಾರ್ಥನಾ ಮಾಡ್ರಿ" ಎಂದು ಹೇಳಿ ಅತ್ತೆ. ಆ ಅಳು ಸುಳ್ಳಲ್ಲ. ಆದರೆ ಹೇಳುವಾಗಲೇ ನನಗೆ ಗೊತ್ತಿತ್ತು, ಆ ದುಂಡಿನಲ್ಲಿ ಒಬ್ಬಾಕೆಯ ತಂಗಿಯನ್ನು ಜಯಕುಮಾರನ ಓಣಿಗೇ ಕೊಟ್ಟಿದ್ದಾರೆ ಎಂಬುದು. ಅವಳ ಮುಖ ನೋಡಿಕೊಂಡೇ ಹೇಳಿದೆ. ಎಲ್ಲರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಶನಿವಾರ ಬೆಳಿಗ್ಗೆಯೇ ರಾಣೇಬೆನ್ನೂರಿನಿಂದ ಸಂಬಂಧ ಬೇಡವೆಂದು ಫೋನು ಬಂತು. ಕಾಯಿಲೆಯ ಮಾತಿಗಿಂತ ಅಕ್ಕನನ್ನು ಮುರಿದದ್ದು ಇನ್ನೊಂದು ಮಾತು: "ಮುಚ್ಚಿಟ್ಟು ದಾಟಿಸಾಕ ನೋಡಿದ್ರಿ." ಒಂದೇ ದಿನ ಬಾಕಿ ಇತ್ತು. ತಾನೇ ಹೇಳಬೇಕೆಂದು ವಾರವೆಲ್ಲ ಮಾತು ಜೋಡಿಸಿಕೊಂಡವಳು ಊರ ಬಾಯಲ್ಲಿ ಮೋಸಗಾತಿಯಾದಳು. ಕೂಟದಲ್ಲಿ ನಾನು ಬಾಯಿ ಬಿಟ್ಟದ್ದು ತಿಳಿದು ಅವ್ವ ನನಗೆ ಎರಡು ಬಿಗಿದಳು. ಅಕ್ಕ ನಡುವೆ ಬಂದು ಬಿಡಿಸಿಕೊಂಡಳು. "ಬಿಡಬೇ ಯವ್ವಾ, ಸಣ್ಣಾಕಿ ಅದಾಳ. ನನ್ನ ಸಲುವಾಗಿ ಪ್ರಾರ್ಥನಾ ಆಗ್ಲೆಂತ ಹೇಳ್ಯಾಳ" ಎಂದು ನನ್ನ ಮುಖ ಒರೆಸಿ, ಕೆದರಿದ ಜಡೆ ಬಿಚ್ಚಿ ಮತ್ತೆ ಹೆಣೆದಳು. ನಾನು ಸುಮ್ಮನೆ ಹೆಣೆಸಿಕೊಂಡೆ. ಅವಳು ಕ್ಷಮಿಸಿದ್ದು ಏನೂ ತಿಳಿಯದ ಒಬ್ಬ ಹುಡುಗಿಯನ್ನು. ಆ ಹುಡುಗಿ ನಾನಾಗಿರಲಿಲ್ಲ. ಮದುವೆ ಮುರಿಯಲೆಂದೇ, ಅಕ್ಕ ನನ್ನನ್ನು ಬಿಟ್ಟು ಹೋಗದಿರಲೆಂದೇ ನಾನು ಬಾಯಿ ಬಿಟ್ಟಿದ್ದೆ. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ಈ ಸಾಲು ಬರೆಯಲು ಕೈ ಹಿಂಜರಿಯುತ್ತದೆ.

ಮುಂದಿನ ಗುರುವಾರ ಅಕ್ಕ ಕೂಟಕ್ಕೆ ಬರುವುದಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಎಲ್ಲರಿಗಿಂತ ಮೊದಲು ಹೋಗಿ ದುಂಡಿನ ನಡುವೆ ಕೂತಳು. "ನಂದು ನಾನ ಹೇಳ್ತೇನಿ, ಕೇಳ್ರಿ" ಎಂದು ಮೂರ್ಛೆ ಯಾವಾಗ ಬಂತು, ಎಷ್ಟು ಸಲ ಬಂತು, ಈಗ ಹೇಗಿದ್ದಾಳೆ, ಎಲ್ಲವನ್ನೂ ತಲೆ ತಗ್ಗಿಸದೆ ಹೇಳಿದಳು. ಕೊನೆಗೆ, "ಇನ್ನ ಮ್ಯಾಲ ಯಾರ ಸಲುವಾಗಿ ಪ್ರಾರ್ಥನಾ ಮಾಡಬೇಕಾದ್ರೂ ಮೊದಲ ಅಕೀನ್ನ ಕೇಳ್ರಿ. ಅಕಿ ಹೂಂ ಅಂದ್ರ ಮಾಡ್ರಿ, ಇಲ್ಲಂದ್ರ ಬಿಡ್ರಿ. ದೇವರಿಗೆ ಮೊದಲ ಗೊತ್ತಿರತೈತಿ" ಎಂದಳು. ಆಗ ದೊಡ್ಡವ್ವ, "ಹಂಗಾದ್ರ ನಮ್ಮ ಪ್ರಾರ್ಥನಾ ಅರ್ಧ ತಾಸಿನ್ಯಾಗ ಮುಗೀತೈತಿ ಬಿಡವಾ, ಲಗೂ ಮನೀಗೆ ಹೋಗಿ ಅಡಿಗಿ ಮಾಡಬಹುದು" ಎಂದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ಅಕ್ಕನೂ ನಕ್ಕಳು. ಖರೇ ಹೇಳುತ್ತೇನೆ, ಕೂಟ ಬದಲಾದದ್ದು ಅಂದಿನಿಂದ. ಮೊದಲು ಪಕ್ಕದವರ ಮನೆಯ ಸುದ್ದಿ ಹೇಳುತ್ತಿದ್ದವರು ನಿಧಾನಕ್ಕೆ ತಮ್ಮ ಮನೆಯ ಗಾಯ ತೋರಿಸತೊಡಗಿದರು. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತಿತ್ತು. ನಾನು ಮಾತ್ರ ಮೂರು ವರ್ಷ ಅಲ್ಲಿ ಒಂದು ವಿಷಯವನ್ನೂ ಹೇಳಲಿಲ್ಲ.

ಮೂರು ವರ್ಷಕ್ಕೆ ಮತ್ತೊಂದು ಸಂಬಂಧ ಬಂತು, ಅದೂ ರಾಣೇಬೆನ್ನೂರಿನಿಂದಲೇ. ಪ್ರಕಾಶ ಎಂಬವನು ಪಂಪ್‌ಸೆಟ್ಟು ರಿಪೇರಿ ಮಾಡುತ್ತಿದ್ದ. ಬಂದವನು ಚಹಾದ ಕಪ್ಪಿಗೆ ಕೈ ಹಾಕುವ ಮೊದಲೇ ಅಕ್ಕ, "ಮೊದಲ ನಂದೊಂದು ಮಾತು ಕೇಳ್ರಿ, ಆಮ್ಯಾಲ ಚಹಾ ಕುಡೀರಿ" ಎಂದು ಎಲ್ಲ ಹೇಳಿದಳು. ಅವ್ವ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದಳು. ಅವನು ಪೂರ್ತಿ ಕೇಳಿ, "ಗುಳಿಗಿ ಯಾ ಹೊತ್ತಿಗೆ ತಗೋತೀರಿ?" ಎಂದ. "ಊಟ ಆದಮ್ಯಾಲರಿ." "ಹಂಗಾದ್ರ ಊಟ ತಡ ಆಗಬಾರದು. ನಮ್ಮ ಮನ್ಯಾಗ ಭಾಳ ತಡಾ ಮಾಡ್ತಾರ, ಅದನ್ನ ಮೊದಲ ಸರಿ ಮಾಡಬೇಕು." ಆಮೇಲೆ ಕಪ್ಪಿನ ಕಡೆ ನೋಡಿ, "ಈಗರೆ ಕುಡೀಲ್ಯೋ? ಆರಾಕತ್ತೇತಿ" ಎಂದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಬಂದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ.

ನಮ್ಮ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ವಧುವರರ ಹೆಸರು ಕೂಗುತ್ತಾರೆ. ಅಡ್ಡಿ ಹೇಳುವವರಿದ್ದರೆ ಹೇಳಬೇಕೆಂದು ಸಭಾಪಾಲಕರು ಕೇಳುತ್ತಾರೆ. ಮೊದಲನೆಯ ಕೂಗಿನ ದಿನ ಆ ಪ್ರಶ್ನೆ ಕೇಳಿದಾಗ ಇಡೀ ಸಭೆ ನನ್ನನ್ನೇ ನೋಡಿದ ಹಾಗೆನಿಸಿತು. ಯಾರೂ ನೋಡಿರಲಿಲ್ಲ. ಮನೆಗೆ ಬಂದೆವು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನಿಂತಲ್ಲೇ ಹೇಳಿದೆ: "ಅಕ್ಕಾ, ಅವತ್ತ ನಾ ತಿಳೀದ ಹೇಳಿದ್ದಲ್ಲ. ಮದುವಿ ಮುರೀಲಿ ಅಂತನ ಹೇಳಿದ್ದೆ." ಬಡಿಯುವ ಸದ್ದು ನಿಂತಿತು. "ಕೂಟದಾಗಿನ ಅಕಿ ತನ್ನ ತಂಗೀಗೆ ಸುದ್ದಿ ಮುಟ್ಟಸ್ತಾಳಂತ ಗೊತ್ತಿತ್ತೇನ?" "ಗೊತ್ತಿತ್ತು." ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು, ಅವಳು ತೆಗೆಯಲಿಲ್ಲ. "ಹೊರಗ ಹೋಗು ಪ್ರೇಮಾ. ಈಗ ನಾ ಮಾತಾಡಿದ್ರ ಕೆಟ್ಟ ಮಾತು ಬರ್ತಾವು" ಎಂದಳು. ಇಡೀ ವಾರ ತಾಟು ನನ್ನ ಮುಂದೆ ಇಡುತ್ತಿದ್ದಳು, ಮಾತು ಮಾತ್ರ ಇರಲಿಲ್ಲ.

ಮರುವಾರ ಕರ್ತನ ಭೋಜನದ ಭಾನುವಾರ. ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆ ದಿನಕ್ಕೆ ಮುಂಚೆ ಯಾರ ಮೇಲೆ ಸಿಟ್ಟಿದ್ದರೂ ಅವರ ಮನೆಗೆ ಹೋಗಿ ತೀರಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ತೀರದಿದ್ದವರು ಮುಂದೆ ಹೋಗದೆ ಕೂತಲ್ಲೇ ಕೂರಬೇಕು. ಹಾಗೆ ಕೂರುವವರು ಯಾರೂ ಇರಲಿಲ್ಲ. ನಾಚಿಕೆಗೆ ಅಂಜಿ ಎಲ್ಲರೂ ಏಳುತ್ತಿದ್ದರು. ಮೂರು ವರ್ಷ ನಾನೂ ಎದ್ದಿದ್ದೆ. ಅವತ್ತು ಎರಡನೆಯ ಕೂಗು ಮುಗಿದು, ಹೆಂಗಸರ ಸಾಲು ಎದ್ದಿತು. ಅಕ್ಕ ಏಳಲಿಲ್ಲ. ಅವ್ವ ಅವಳ ತೋಳು ಚಿವುಟಿ, "ಏಳ, ಮಂದಿ ನೋಡಾಕತ್ತಾರ, ಮದುವಿ ಹುಡಿಗಿ ನೀ" ಎಂದು ಪಿಸುಗುಟ್ಟಿದಳು. "ಮನಸಿನ್ಯಾಗ ಸಿಟ್ಟು ಇಟಗೊಂಡು ಹೆಂಗ ಏಳ್ಲಿ ಯವ್ವಾ?" ಎಂದಳು ಅಕ್ಕ. ನಾನೂ ಕೂತೆ. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಜನ ನಮ್ಮನ್ನು ದಾಟಿ ಹೋದರು, ದಾಟಿ ಬಂದರು.

ಮಧ್ಯಾಹ್ನ ಅಕ್ಕ ತಾನೇ ಪ್ರಕಾಶನಿಗೆ ಫೋನು ಮಾಡಿದಳು. ತಾನು ಏಳದೆ ಕೂತ ಸುದ್ದಿ ಇನ್ನೊಬ್ಬರ ಬಾಯಿಂದ ಅವನಿಗೆ ಮುಟ್ಟಬಾರದಿತ್ತು. "ನನಗೂ ನನ್ನ ತಂಗೀಗೂ ಒಂದು ತೀರಬೇಕಾದ್ದೈತಿ. ತೀರಿಸ್ದ ಈ ಮನಿ ಬಿಟ್ಟು ಬರಾಂಗಿಲ್ಲ. ಒಂದು ತಿಂಗಳು ಮದುವಿ ಮುಂದ ಹಾಕ್ತೀರೇನು?" ಎಂದು ಕೇಳಿದಳು. ಅವ್ವ ತಲೆ ಚಚ್ಚಿಕೊಂಡಳು. ಆ ಮದುವೆಯೂ ನನ್ನಿಂದಲೇ ಮುರಿಯಿತೆಂದು ನಾನು ಗೋಡೆಗೆ ಒರಗಿ ನಿಂತೆ. ಆ ಕಡೆಯಿಂದ ಬಂದ ಮಾತನ್ನು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿ ನಕ್ಕಿದ್ದಾಳೆ: "ಹಾಕೋಣರಿ. ನಮ್ಮನ್ಯಾಗೂ ಊಟದ ಹೊತ್ತು ಇನ್ನೂ ಸರಿ ಆಗಿಲ್ಲ."

ಆ ತಿಂಗಳು ನಾವಿಬ್ಬರೂ ಎದುರು ಬದುರು ಕೂತು ರಾಶಿಯಿಂದ ಕಾಯಿ ತೆಗೆದು ತೊಟ್ಟು ಬಿಡಿಸಿದೆವು. ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು, ತಲೆಯೆತ್ತದೆ. ನಾ ಅತ್ತಾಗ ನಿನಗ ಹೆಂಗಾತು? ಮೂರು ವರ್ಷ ಯಾಕ ಹೇಳಲಿಲ್ಲ? ನಾ ಈಗ ಹೋದರ ನನ್ನ ಮ್ಯಾಲ ಸಿಟ್ಟಾಗ್ತೀಯೇನು? ನಾನು ಗೊತ್ತಿದ್ದಷ್ಟು ಹೇಳಿದೆ, ಚಂದ ಮಾಡಿ ಹೇಳಲಿಲ್ಲ. ಒಂದು ದಿನ ಅವಳೂ ಹೇಳಿದಳು: "ನಿನ್ನ ಬಿಟ್ಟು ಹೋಗಾಕ ನಂಗೂ ಅವತ್ತ ಅಂಜಿಕಿ ಇತ್ತು. ನೀ ಕೇಳಿದ್ರ ಹೇಳ್ತಿದ್ದೆ. ನೀ ಕೇಳಲಿಲ್ಲ." ಉರಿಯುವ ಕೈಯಿಂದ ಕಣ್ಣು ಒರೆಸಿಕೊಂಡು ಇಬ್ಬರೂ ಇನ್ನಷ್ಟು ಅತ್ತೆವು.

ಮುಂದಿನ ಕರ್ತನ ಭೋಜನದ ದಿನ ಹೆಂಗಸರ ಸಾಲು ಏಳುವ ಮೊದಲೇ ಅಕ್ಕ ಎದ್ದಳು. ಎದ್ದು ಮುಂದೆ ಹೋಗದೆ ನನ್ನ ಕಡೆ ತಿರುಗಿ ಕೈ ಚಾಚಿ, ಇಡೀ ಸಭೆಗೆ ಕೇಳುವಂತೆ, "ಏಳ ಪ್ರೇಮಾ, ತೀರೇತಿ" ಎಂದಳು. ಅವಳೇ ನನ್ನನ್ನು ಎಳೆದೆಬ್ಬಿಸಿದಳು. ಆಗ ನಡೆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಹಿಂದಿನ ಸಾಲಿನ ಒಬ್ಬ ಸೊಸೆ ಮುಂದೆ ಹೊರಟವಳು ನಿಂತು ತನ್ನ ಅತ್ತೆಯ ಕಡೆ ತಿರುಗಿದಳು. ಅವರಿಬ್ಬರೂ ಕೂತುಬಿಟ್ಟರು, ಮಾತಾಡಿಕೊಳ್ಳಲು. ದೊಡ್ಡವ್ವನೂ ಯಾರನ್ನೋ ಹುಡುಕಿಕೊಂಡು ಗಂಡಸರ ಸಾಲಿನತ್ತ ಹೋದಳು. ಅಂದು ಆರಾಧನೆ ಮುಗಿಯಲು ಒಂದು ತಾಸು ತಡವಾಯಿತು. ಅಷ್ಟು ಸಂತೋಷದ ತಡ ನಾನು ಮತ್ತೆ ಕಂಡಿಲ್ಲ. ಮುಂದಿನ ವಾರ ಮದುವೆಯಲ್ಲಿ ಅಕ್ಕನ ಸೆರಗು ಹಿಡಿದು ಅವಳ ಹಿಂದೆ ನಡೆದವಳು ನಾನೇ.

ಅಕ್ಕ ಈಗ ರಾಣೇಬೆನ್ನೂರಿನಲ್ಲಿ ಗುರುವಾರದ ಕೂಟ ನಡೆಸುತ್ತಾಳೆ. ನನ್ನನ್ನು ಹಾವೇರಿಗೆ ಕೊಟ್ಟರು. ಹೋದ ವರ್ಷ ಅವ್ವ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ನಾವಿಬ್ಬರೂ ಮನೆ ಗುಡಿಸಿ, ಬೀಗ ಹಾಕಿ, ಕೀಲಿಯನ್ನು ಮಾಲೀಕರಿಗೆ ಕೊಟ್ಟೆವು. ಈಗ ಅಲ್ಲಿ ಕೋಲ್ಡ್ ಸ್ಟೋರೇಜಿನ ಗೋಡೆ ಎದ್ದಿದೆ. ಕೀಲಿ ಕೊಟ್ಟ ಆ ದಿನ ಬ್ಯಾಡಗಿ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತಿದ್ದಾಗ ರಾಣೇಬೆನ್ನೂರಿನ ಬಸ್ಸು ಮೊದಲು ಬಂತು. ಅಕ್ಕ ಏಳಲಿಲ್ಲ. "ಇನ್ನೊಂದು ಬರ್ತೈತಿ ಬಿಡ" ಎಂದಳು. ಅದೂ ಬಂತು, ಅದನ್ನೂ ಬಿಟ್ಟಳು. ನಮ್ಮಿಬ್ಬರ ನಡುವೆ ಅವ್ವನ ಸೀರೆಯ ಗಂಟು ಇತ್ತು. ಹಾವೇರಿ ಬಸ್ಸು ಬಂದು ನಾನು ಹತ್ತಿ ಕಿಟಕಿಯಿಂದ ನೋಡಿದಾಗ, ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಿದ್ದಳು. ಬಸ್ಸು ತಿರುಗುವವರೆಗೂ ನಿಂತೇ ಇದ್ದಳು.